ಹತ್ತಿರದ ಚುಕ್ಕೆ, ದೂರದ ಚುಕ್ಕೆ

ಕಣ್ಣಿಗೆ ಕಾಣುವುದಿಲ್ಲ ಇದರ ಬೆಳಕು.
ಯಂತ್ರ ಮಾರಿದವನು ಮೊದಲ ದಿನವೇ ಹೇಳಿದ್ದ:
ಕಣ್ಣಿಗೆ ಬಿತ್ತೋ, ಅಕ್ಕಾ, ಆಮೇಲೆ ಏನೂ ಕಾಣುವುದಿಲ್ಲ.
ಹಾಗಾಗಿ ಕನ್ನಡಿಯ ಮುಂದೆ ಕಾಗದದ ಟೇಪು ಅಂಟಿಸಿ
ಬಿಸಿ ಕಾವಲಿ ಮುಟ್ಟಿದಷ್ಟೇ ಹೊತ್ತು
ಗುಂಡಿ ಒತ್ತುತ್ತೇನೆ.
ಸುಟ್ಟ ವಾಸನೆ. ಉದ್ದಿನಕಾಳಿನಷ್ಟು ಕಪ್ಪು.
ಇಲ್ಲಿ ಹಾದುಹೋಯಿತು ಎನ್ನುವುದಕ್ಕೆ
ಅಷ್ಟೇ ಸಾಕ್ಷಿ.

ಕೋಡಿಬಾಗದ ರಸ್ತೆಗೆ ಮುಖ ಮಾಡಿದ ಹತ್ತಡಿ ಅಂಗಡಿ.
ಟ್ರೋಫಿ, ನಾಮಫಲಕ, ಮದುವೆಯ ಉಡುಗೊರೆ,
ದೋಣಿಯ ಹೆಸರು ಕೊರೆದ ಸಾಗವಾನಿ ಹಲಗೆ.
ಲಾರಿ ಹೋದಾಗಲೆಲ್ಲ ನೆಲ ನಡುಗಿ
ಕನ್ನಡಿ ಕೂದಲೆಳೆಯಷ್ಟು ಜರುಗುತ್ತದೆ.
ಇಲ್ಲಿ ಕೂದಲೆಳೆ;
ಮೇಜಿನ ಆ ಮೂಲೆ ಮುಟ್ಟುವಷ್ಟರಲ್ಲಿ ಒಂದು ಬೆರಳು.

ನಾಳೆ ಬೆಳಿಗ್ಗೆಗೆ ಹನ್ನೊಂದು ಹಲಗೆ ಕೊಡಬೇಕು.
'ಜಲದೇವತೆ' ಎಂದು ಕೊರೆಯಲು ಕೊಟ್ಟರೆ
'ಜಲದೇ' ಎಂದು ಉಸಿರುಬಿಟ್ಟು,
ಉಳಿದದ್ದಕ್ಕೆ ಬರೀ ಕಂದು ಬಳಿದಿದೆ.
ಲೆನ್ಸು ಬಿಚ್ಚಿದೆ. ಅರಿಶಿನ ಬಣ್ಣದ ಪುಟ್ಟ ಬಿಲ್ಲೆ,
ಅದರ ಮೇಲೆ ನಮ್ಮೂರ ಗಾಳಿಯ ಉಪ್ಪು.
ಸ್ಪಿರಿಟ್ಟಿನ ಹತ್ತಿಯಲ್ಲಿ, ಕೂಸಿನ ಪಿಸುರು ತೆಗೆದ ಹಾಗೆ ಒರೆಸಿ
ಉಬ್ಬು ಮೇಲೆ, ಚಪ್ಪಟೆ ಕೆಳಗೆ,
ಮತ್ತೆ ಕೂರಿಸಿದೆ.
ಮತ್ತೆ ಅದೇ. ಜಲದೇ.

ಅಪ್ಪ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಬಂಗಡೆಯ ಚೀಲ.
ಊರಿಗೆಲ್ಲ ಪುರ್ಸು ತಾಂಡೇಲ. ಮೊಣಕಾಲು ಹೋದಮೇಲೆ
ಬೇರೆಯವರ ದೋಣಿ ಬರುವುದನ್ನು ನೋಡುವುದೇ ಕೆಲಸ.
ಟೇಪಿನ ಎರಡು ತುಂಡು ಎತ್ತಿ, ಒಂದರ ಮೇಲೊಂದಿಟ್ಟು
ಬೆಳಕಿಗೆ ಹಿಡಿದ.
"ಹತ್ತಿರದ್ದು ಯಾವುದು?"
ತೋರಿಸಿದೆ.
"ದೂರದ್ದನ್ನ ಎಂತಕ್ಕೆ ನಡುವಿಗೆ ಎಳೀತೆ?"
ನಡುವೇ ಅಲ್ಲವಾ ಬೇಕಾದದ್ದು?
"ನಡು ಆಮೇಲೆ. ಮೊದಲು ಎರಡೂ ಒಂದಾಗಲಿ."

ಕಾಳಿಯ ಅಳಿವೆಯಲ್ಲಿ ನಲವತ್ತು ವರ್ಷ ಚುಕ್ಕಾಣಿ ಹಿಡಿದವನು.
ದಂಡೆಯಲ್ಲೊಂದು ಸುಣ್ಣದ ಗೋಡೆ,
ಅದರಾಚೆ ಗುಡ್ಡದ ಮೇಲೆ ಒಂಟಿ ತಾಳೆ.
ತಾಳೆ ಎಡಕ್ಕೆ ಸರಿದರೆ ಮರಳು, ಬಲಕ್ಕೆ ಸರಿದರೆ ಬಂಡೆ;
ಗೋಡೆಯ ನೆತ್ತಿಯಿಂದಲೇ ತಾಳೆ ಮೂಡಿದಂತೆ ಕಂಡರೆ
ಕೆಳಗೆ ನೀರಿದೆ ಎಂದು ಅರ್ಥ.
ಆ ದಾರಿ ಅಳಿವೆಯ ನಡುವಿನಲ್ಲಿ ಯಾವತ್ತೂ ಇರಲಿಲ್ಲ.
ಪ್ರತಿ ಮಳೆಗೂ ಮರಳು ಮಗ್ಗುಲು ಬದಲಿಸುತ್ತಿತ್ತು.
ನೂಲಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟ ಮರುದಿನ
ಹೊಸ ಗುರುತು ಹುಡುಕಲು ಹೊರಡುತ್ತಿದ್ದ.
ತಾಳೆ ಸಿಡಿಲಿಗೆ ಹೋಗಿ ಮೊಬೈಲ್ ಟವರು ಬಂದ ವರ್ಷ
ಯಾರೋ ಮರುಗಿದರೆ,
"ಟವರೂ ಆದೀತು, ಅಲುಗದೇ ಇದ್ದರೆ" ಎಂದಿದ್ದನಂತೆ.

ಮೊದಲ ಕನ್ನಡಿಯ ತಿರುಪು, ಕಾಲು ಸುತ್ತಿಗಿಂತ ಕಡಿಮೆ.
ಹತ್ತಿರ ಒಮ್ಮೆ. ದೂರ ಒಮ್ಮೆ.
ಎರಡು ಉದ್ದಿನಕಾಳು.
ಇನ್ನೊಂಚೂರು. ಈಗ ಎರಡೂ ತಾಗಿ ಶೇಂಗಾಕಾಯಿ.
ಅಪ್ಪ ನನ್ನ ಹಸಿರು ಕನ್ನಡಕವನ್ನು
ತನ್ನ ಕನ್ನಡಕದ ಮೇಲೇರಿಸಿಕೊಂಡು
ಇಳಿತದ ಹೊತ್ತಿನ ಅಳಿವೆಯಲ್ಲಿ ಇದ್ದವನಂತೆ ಸುಮ್ಮನೆ.
ಇನ್ನೊಂಚೂರು.
ಒಂದೇ ಚುಕ್ಕೆ.
ನಡುವಿನಲ್ಲಲ್ಲ, ತುಸು ಕೆಳಗೆ.
ಟ್ಯೂಬಿನ ಬುಡಕ್ಕೆ ಹಳೆಯ ಲಗ್ನಪತ್ರಿಕೆಯ ತುಂಡು ಮಡಿಸಿಟ್ಟೆ,
ನಡುವಿಗೂ ಬಂತು.

ಇನ್ನು ಫೋಕಸ್ಸು. ರದ್ದಿ ಹಲಗೆಯೊಂದನ್ನು ಓರೆಗೆ ಆನಿಸಿ
ಉದ್ದಕ್ಕೆ ಗೆರೆ ಎಳೆದರೆ
ದಪ್ಪಗೆ ಹೊರಟು, ಬಡಕಲಾಗಿ, ಮತ್ತೆ ದಪ್ಪವಾಗುತ್ತದೆ.
ಇರುವೆಯ ಸೊಂಟದಂತಾದ ಆ ಒಂದು ಕಡೆ ಮಾತ್ರ
ಬೆಳಕು ತನ್ನನ್ನು ತಾನು ಒಟ್ಟುಮಾಡಿಕೊಂಡಿರುತ್ತದೆ;
ಮೇಲೂ ಕೆಳಗೂ ಬರೀ ಬಿಸಿ.
ಅಪ್ಪ ಉಗುರಿನಲ್ಲಿ ಗೀಚಿದ: ಇಲ್ಲಿ.
ಸ್ಕೇಲು ಆಮೇಲೆ ಅದನ್ನೇ ಹೇಳಿತು.

ಹನ್ನೊಂದನೆಯದು ಮುಗಿಯುವಾಗ ಗಂಟೆ ಎಂಟೂವರೆ.
ಬಂಗಡೆಯ ನೀರು ಸೋರಿ ಬಾಗಿಲವರೆಗೆ ಹರಿದಿತ್ತು.
ಓದು ಬಾರದ ಅಪ್ಪ ಹಲಗೆಯ ಮೇಲೆ ಬೆರಳಿಟ್ಟು
ಜ-ದಿಂದ ತೆ-ವರೆಗೆ, ಅಕ್ಷರದ ಒಳಗೊಳಗೇ ನಡೆದು ಬಂದ.
"ಎಲ್ಲ ಕಡೆ ಒಂದೇ ಆಳ" ಎಂದ,
ನೀರಿನ ಬಗ್ಗೆ ಹೇಳುವ ದನಿಯಲ್ಲಿ.

ಹೊರಗೆ ಲಾರಿಯೊಂದು ಹೋಯಿತು.
ಇಬ್ಬರೂ ಒಟ್ಟಿಗೇ ತಿರುಗಿ
ಕನ್ನಡಿಯ ಕಡೆ ನೋಡಿದೆವು.